ಎರಡೂವರೆ ಎಕರೆಗೆ ಸಾವಯವ: ಮೊದಲು ತಿಪ್ಪೆಯ ಲೆಕ್ಕ

ಮಧುಗಿರಿಯ ಸಹೋದರರಿಗೆ ನಮಸ್ಕಾರ.

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನಿಮಗೆ ಎರಡೂವರೆ ಎಕರೆ ಕೆಂಪು ಜಮೀನಿದೆ. ಅದರಲ್ಲಿ ಒಂದೂವರೆ ಎಕರೆ ಮಳೆಯನ್ನೇ ನೆಚ್ಚಿದ ಖುಷ್ಕಿ, ಅಲ್ಲಿ ರಾಗಿ ಮತ್ತು ಕಡಲೇಕಾಯಿ ಬೆಳೆಯುತ್ತೀರಿ. ಬೋರ್‌ವೆಲ್ ನೀರು ಸಿಗುವ ಒಂದು ಎಕರೆಯಲ್ಲಿ ಟೊಮೆಟೊ ಹಾಕುತ್ತೀರಿ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳಿವೆ, ದುಡಿಯುವವರು ಮನೆಯ ಇಬ್ಬರೇ. ಈ ಮುಂಗಾರಿನಿಂದಲೇ ರಾಸಾಯನಿಕ ಗೊಬ್ಬರ ಪೂರ್ತಿ ನಿಲ್ಲಿಸಿ, ಸಗಣಿ, ಗಂಜಲ, ಬೆಲ್ಲ ಕಲಸಿ ಮಾಡುವ ಜೀವಾಮೃತದ ಮೇಲೆ ಬೇಸಾಯ ಮಾಡಿ, ಪ್ರಮಾಣಪತ್ರ ಪಡೆದು ಬೆಂಗಳೂರಿಗೆ ಮಾರಬಹುದೇ ಎಂದು ಕೇಳಿದ್ದೀರಿ. ಧೈರ್ಯವಾಗಿ ಮಾಡಿ ಎಂದು ಕೆಲವರು, ಕೈ ಸುಟ್ಟುಕೊಳ್ಳಬೇಡಿ ಎಂದು ಕೆಲವರು ಇಲ್ಲಿ ಬರೆದಿದ್ದಾರೆ. ನನ್ನ ಅಭಿಪ್ರಾಯವೆಂದರೆ, ಸಾವಯವಕ್ಕೆ ಖಂಡಿತ ಬನ್ನಿ, ಆದರೆ ನಿಮ್ಮ ತಿಪ್ಪೆ ಎಷ್ಟು ಗುಂಟೆಯನ್ನು ಸಾಕಬಲ್ಲದೋ ಅಷ್ಟನ್ನು ಮಾತ್ರ ಈ ವರ್ಷ ತನ್ನಿ.

ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ. ಖುಷ್ಕಿ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಕರೆಗೆ ಸುಮಾರು 3 ಟನ್ ಕೊಟ್ಟಿಗೆ ಗೊಬ್ಬರ, ಅದರ ಜೊತೆಗೆ 20 ಕಿಲೋ ಸಾರಜನಕ. 45 ಕಿಲೋ ತೂಗುವ ಒಂದು ಚೀಲ ಯೂರಿಯಾದಲ್ಲಿ ಹೆಚ್ಚುಕಡಿಮೆ ಅಷ್ಟೇ, ಅಂದರೆ 20 ಕಿಲೋ ಸಾರಜನಕವಿರುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ 0.5ರ ಆಸುಪಾಸಿನಲ್ಲಿರುವುದರಿಂದ, ಆ ಒಂದು ಚೀಲದಷ್ಟು ಪೋಷಕಾಂಶ ಕೊಡಲು 4 ಟನ್ ಗೊಬ್ಬರ ಬೇಕಾಗುತ್ತದೆ. ಅದರಲ್ಲಿಯೂ ಮೊದಲ ವರ್ಷ ಬೆಳೆಗೆ ದಕ್ಕುವುದು ಒಂದು ಭಾಗ ಮಾತ್ರ, ಉಳಿದದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಎರಡು ಹಸುಗಳ ಸಗಣಿ, ತಿಂದುಳಿದ ಮೇವು, ಕಸಕಡ್ಡಿ ಎಲ್ಲ ಸೇರಿ ವರ್ಷಕ್ಕೆ ನಾಲ್ಕೈದು ಟನ್ ಕಳಿತ ಗೊಬ್ಬರ ಸಿಕ್ಕರೆ ಅದು ಒಳ್ಳೆಯ ನಿರ್ವಹಣೆಯೇ. ಈ ಗೊಬ್ಬರ ಒಂದು ಎಕರೆ ರಾಗಿಯನ್ನು ನೋಡಿಕೊಳ್ಳಬಹುದು, ಎರಡೂವರೆ ಎಕರೆಯನ್ನು ಖಂಡಿತ ನೋಡಿಕೊಳ್ಳಲಾರದು. ಟೊಮೆಟೊ ಒಂದಕ್ಕೇ ಎಕರೆಗೆ 10 ಟನ್ ಗೊಬ್ಬರ ಹೇಳುತ್ತಾರೆ, ಹೈಬ್ರಿಡ್ ತಳಿಯಾದರೆ ಅದಕ್ಕೆ ರಾಗಿಯ ಮೂರು ಪಟ್ಟಿಗಿಂತ ಹೆಚ್ಚು ಸಾರಜನಕ ಬೇಕು.

ಜೀವಾಮೃತದ ವಿಷಯದಲ್ಲಿ ಅನೇಕರಿಗೆ ತಪ್ಪು ನಿರೀಕ್ಷೆ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರ ವಿಧಾನದಲ್ಲಿ ಒಂದು ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು ಮತ್ತು ಬದುವಿನ ಒಂದು ಹಿಡಿ ಮಣ್ಣು ಸೇರಿಸಿ, ನೆರಳಿನಲ್ಲಿ ಎರಡು ದಿನ ಇಟ್ಟು ಕೊಡುತ್ತಾರೆ. ಈ ಎಲ್ಲ ಸಾಮಗ್ರಿಯಲ್ಲಿರುವ ಸಾರಜನಕವನ್ನು ಕೂಡಿದರೆ ಕಾಲು ಕಿಲೋ ಮುಟ್ಟುವುದು ಕಷ್ಟ. ಮಣ್ಣಿನಲ್ಲಿ ಸಾಕಷ್ಟು ಸಾವಯವ ಪದಾರ್ಥವಿದ್ದಲ್ಲಿ, ನೆಲದ ಮೇಲೆ ಒಣ ಎಲೆ, ಹುಲ್ಲಿನ ಮುಚ್ಚಿಗೆ ಇದ್ದಲ್ಲಿ, ಸೂಕ್ಷ್ಮಜೀವಿಗಳ ಚಟುವಟಿಕೆಗೆ ಇದು ನೆರವಾಗಬಹುದು. ಆದರೆ ವರ್ಷಗಟ್ಟಲೆ ಗೊಬ್ಬರ ಕಾಣದ, ಬಿಸಿಲಿಗೆ ಬರಡಾದ ನಮ್ಮ ಕೆಂಪು ಮಣ್ಣಿಗೆ ಇದೊಂದನ್ನೇ ಸುರಿದು 20 ಕಿಲೋ ಸಾರಜನಕದ ಕೆಲಸ ಆಗುತ್ತದೆಂದು ನಂಬಿ ಕೂರುವುದು ಸರಿಯಲ್ಲ. ನಾಟಿ ಹಸು ಕೊಳ್ಳಬೇಕೇ ಎಂದೂ ಕೇಳಿದ್ದೀರಿ. ಆ ವಿಧಾನದವರು ನಾಟಿ ಹಸುವಿನ ಸಗಣಿಯೇ ಬೇಕೆನ್ನುತ್ತಾರೆ, ನಿಜ. ಗೊಬ್ಬರದ ದೃಷ್ಟಿಯಿಂದ ನಿಮ್ಮ ಸೀಮೆಹಸುಗಳ ಸಗಣಿಗೆ ಯಾವ ಕೊರತೆಯೂ ಇಲ್ಲ. ಮನೆ ನಡೆಸುವ ಹಾಲಿನ ಹಸುವನ್ನು ಮಾರಿ, ದೂರದ ರಾಜ್ಯದ ತಳಿಯನ್ನು ಸಾಲ ಮಾಡಿ ತರುವುದು ಬೇಡ. ಮುಂದೆ ಅನುಕೂಲವಾದರೆ ನಮ್ಮ ಸೀಮೆಯ ನಾಟಿ ತಳಿಯಾದ ಹಳ್ಳಿಕಾರ್ ಕಟ್ಟಬಹುದು.

ಹಾಗಾದರೆ ಗೊಬ್ಬರ ಹೆಚ್ಚಿಸುವುದು ಹೇಗೆ? ಮೊದಲ ಕೆಲಸ ಕೊಟ್ಟಿಗೆಯಲ್ಲಿಯೇ ಇದೆ. ಗಂಜಲದಲ್ಲಿ ಸಗಣಿಗಿಂತ ಹೆಚ್ಚಿನ ಸಾರಜನಕವಿರುತ್ತದೆ, ನಮ್ಮಲ್ಲಿ ಅದೆಲ್ಲ ಮಣ್ಣಿನ ನೆಲಕ್ಕೆ ಇಂಗಿ ಹೋಗುತ್ತದೆ. ನೆಲಕ್ಕೆ ಚಪ್ಪಡಿ ಅಥವಾ ಸಿಮೆಂಟ್ ಹಾಕಿ, ಹಿಂಬದಿಗೆ ಸ್ವಲ್ಪ ಇಳಿಜಾರು ಕೊಟ್ಟು, ಗಂಜಲ ಒಂದು ತೊಟ್ಟಿಗೆ ಹರಿಯುವಂತೆ ಮಾಡಿ. ಅದು ಆಗದಿದ್ದರೆ ಹಸುವಿನ ಕೆಳಗೆ ಒಣ ಎಲೆ, ರಾಗಿ ಹುಲ್ಲಿನ ಉಳಿಕೆ, ಕಡಲೇಕಾಯಿ ಸಿಪ್ಪೆ ಹರಡಿ, ಗಂಜಲ ಹೀರಿದ ಮೇಲೆ ತಿಪ್ಪೆಗೆ ಹಾಕಿ. ಎರಡನೆಯದು ತಿಪ್ಪೆಯ ಜಾಗ. ರಸ್ತೆ ಬದಿಯ ತಿಪ್ಪೆ ಬೇಸಿಗೆಯಲ್ಲಿ ಒಣಗಿ ಹಾರಿ, ಮಳೆಗಾಲದಲ್ಲಿ ಕಪ್ಪು ನೀರಾಗಿ ಚರಂಡಿಗೆ ಹರಿದು, ಹೊಲ ಸೇರುವ ಹೊತ್ತಿಗೆ ಸತ್ವ ಕಳೆದುಕೊಂಡಿರುತ್ತದೆ. ಮರದ ನೆರಳಿನಲ್ಲಿ ಮೂರಡಿ ಆಳದ ಗುಂಡಿ ತೆಗೆದು, ಸಗಣಿ ಒಂದು ಪದರ, ಹಸಿರು ಸೊಪ್ಪು ಮತ್ತು ಒಣ ಕಸ ಒಂದು ಪದರ ಹಾಕುತ್ತ, ತೇವ ಆರದಂತೆ ನೋಡಿಕೊಂಡು, ತುಂಬಿದ ಮೇಲೆ ಮಣ್ಣು ಮೆತ್ತಿದರೆ ಅದೇ ಎರಡು ಹಸುಗಳಿಂದ ಹೆಚ್ಚು ಗೊಬ್ಬರವೂ ಹೆಚ್ಚು ಸತ್ವವೂ ಸಿಗುತ್ತದೆ. ಹೊರತೆಗೆದಾಗ ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಸಗಣಿಯ ವಾಸನೆ ಹೋಗಿ ಮಣ್ಣಿನ ವಾಸನೆ ಬರಬೇಕು. ಅರೆಬೆಂದ ಗೊಬ್ಬರವನ್ನು ಹೊಲಕ್ಕೆ ಹೊಡೆದರೆ ಅದರೊಂದಿಗೆ ಗೊಣ್ಣೆಹುಳು ಬಂದು ಕಡಲೇಕಾಯಿಯ ಬೇರು ಕಡಿಯುತ್ತದೆ. ತೆಂಗಿನ ಮರಗಳಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಸುಳಿ ಕೊರೆಯುವ ಕುರುವಾಯಿ ದುಂಬಿ ಮರಿ ಮಾಡುವುದು ತಿಪ್ಪೆಯಲ್ಲಿಯೇ. ಗೊಬ್ಬರ ತಿರುವಿ ಹಾಕುವಾಗ ಸಿಗುವ ದಪ್ಪ ಬಿಳಿ ಹುಳುಗಳನ್ನು ಆರಿಸಿ ನಾಶ ಮಾಡಿ, ಈ ಹುಳುಗಳಿಗೆ ರೋಗ ತಂದು ಕೊಲ್ಲುವ ಮೆಟರೈಜಿಯಂ ಶಿಲೀಂಧ್ರವನ್ನು ಗುಂಡಿಗೆ ಬೆರೆಸಿ.

ಹೊರಗಿನಿಂದ ತರುವುದಾದರೆ, ನಮ್ಮ ಮಧುಗಿರಿ, ಶಿರಾ, ಪಾವಗಡ ಸೀಮೆಯಲ್ಲಿ ಕುರಿ ಮಂದೆ ತರುಬಿಸುವ, ಅಂದರೆ ರಾತ್ರಿ ಹೊಲದಲ್ಲಿ ನಿಲ್ಲಿಸುವ ಪದ್ಧತಿ ಇನ್ನೂ ಜೀವಂತವಾಗಿದೆ. ಹಿಕ್ಕೆ, ಗಂಜಲ ಎರಡೂ ನೇರವಾಗಿ ಹೊಲದಲ್ಲಿಯೇ ಬೀಳುವುದರಿಂದ ಸಾಗಣೆಯ ಖರ್ಚಿಲ್ಲ. ಬೇಸಿಗೆಯಲ್ಲಿಯೇ ಮಂದೆಯವರೊಂದಿಗೆ ಮಾತಾಡಿಕೊಳ್ಳಿ. ಹೊಂಗೆ ಹಿಂಡಿಯಲ್ಲಿ ಶೇ 4ರಷ್ಟು, ಬೇವಿನ ಹಿಂಡಿಯಲ್ಲಿ ಶೇ 5ರಷ್ಟು ಸಾರಜನಕವಿರುತ್ತದೆ, ಆದರೆ ದುಬಾರಿಯಾದ್ದರಿಂದ ತರಕಾರಿಗೆ ಮೀಸಲಿಡಿ. ಕೋಳಿ ಫಾರಂ ಗೊಬ್ಬರ ಸುಲಭವಾಗಿ ಸಿಗುತ್ತದೆ ಎಂದು ಒಬ್ಬರು ಬರೆದಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ದ್ರಾಕ್ಷಿಗೂ ಟೊಮೆಟೊಗೂ ಅದನ್ನೇ ಹೆಚ್ಚು ಬಳಸುತ್ತಾರೆ, ನಿಜ. ಆದರೆ ಕೈಗಾರಿಕೆಯ ಮಾದರಿಯಲ್ಲಿ ಕೋಳಿ ಸಾಕುವ ಫಾರಂಗಳ ಗೊಬ್ಬರವನ್ನು ಸಾವಯವ ಪ್ರಮಾಣೀಕರಣ ಒಪ್ಪುವುದಿಲ್ಲ.

ಖುಷ್ಕಿಗೆ ನಾನು ಹೆಚ್ಚು ನೆಚ್ಚುವುದು ಹಸಿರೆಲೆ ಗೊಬ್ಬರವನ್ನು. ಏಪ್ರಿಲ್ ಕೊನೆಯಿಂದ ಮೇ ತಿಂಗಳ ನಡುವಿನ ಭರಣಿ ಅಥವಾ ಕೃತ್ತಿಕೆ ಮಳೆ ಹದವಾಗಿ ಬಿದ್ದರೆ ಎಕರೆಗೆ 10ರಿಂದ 12 ಕಿಲೋ ಅಪ್ಸೆಣಬು ಚೆಲ್ಲಿ, ಸುಮಾರು 45 ದಿನಕ್ಕೆ, ಹೂ ಬಿಡುವ ಹಂತದಲ್ಲಿ, ತೇವ ಇರುವಾಗಲೇ ಮಗುಚಿ ಉತ್ತು, ಎರಡು ಮೂರು ವಾರ ಕೊಳೆಯಲು ಬಿಟ್ಟು ರಾಗಿ ಬಿತ್ತಬಹುದು. ಮುಂಗಾರು ಪೂರ್ವ ಮಳೆ ಕೈಕೊಟ್ಟ ವರ್ಷ ಇದು ಆಗುವುದಿಲ್ಲ. ಆಗ ಬದುವಿನ ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ ಸೊಪ್ಪು ಕೈಹಿಡಿಯುತ್ತವೆ. ಬದುವಿನ ಮೇಲೆ ಗ್ಲಿರಿಸಿಡಿಯಾ ಕಡ್ಡಿಗಳನ್ನು ಈ ಮಳೆಗಾಲದಲ್ಲಿಯೇ ನೆಡಿ.

ರಾಗಿಯನ್ನು ಒಂಟಿಯಾಗಿ ಬೆಳೆಯಬೇಡಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಅವರೆಯ ಅಕ್ಕಡಿ (ನಡುವಿನ ಬೆಳೆ) ಹಾಕಿ, ನಡುವೆ ಅಲ್ಲಲ್ಲಿ ಹುಚ್ಚೆಳ್ಳು, ಸಾಸಿವೆ ಇರಲಿ. ಸೆಪ್ಟೆಂಬರಿನಲ್ಲಿ ಮಳೆ ಹೋಗಿ ರಾಗಿ ತೆನೆ ಜೊಳ್ಳಾದರೂ ಆಳಕ್ಕೆ ಬೇರು ಬಿಟ್ಟ ತೊಗರಿ ಮುಂದಿನ ಮಳೆಗೆ ಕಾಯುತ್ತದೆ, ಅವರೆ ಚಳಿಗಾಲದಲ್ಲಿ ಸೊಗಡಿನ ಕಾಯಿ ಕೊಟ್ಟು ಕೈಗೆ ನಗದು ತರುತ್ತದೆ. ದ್ವಿದಳ ಬೆಳೆಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ, ಉದುರಿದ ತೊಗರಿ ಎಲೆ ಮಣ್ಣಿಗೆ ಸೇರುತ್ತದೆ. ಸಣ್ಣ ಹಿಡುವಳಿದಾರನಿಗೆ ಸಾವಯವದ ದೊಡ್ಡ ಲಾಭ ನನ್ನ ದೃಷ್ಟಿಯಲ್ಲಿ ಇದೇ: ಬಿತ್ತನೆಯ ಹೊತ್ತಿಗೆ ಸಾಲ ಮಾಡಿ ಹಾಕುವ ಬಂಡವಾಳ ತಗ್ಗುತ್ತದೆ, ಮಳೆ ಹೋದ ವರ್ಷವೂ ಮನೆಗೆ ಕಾಳು, ಹಸುವಿಗೆ ಮೇವು ಉಳಿಯುತ್ತದೆ. ಕಷ್ಟವೂ ಇಲ್ಲಿಯೇ ಇದೆ. ಅಕ್ಕಡಿ ಇರುವ ಹೊಲದಲ್ಲಿ ಕಟಾವಿನ ಯಂತ್ರ ಓಡಿಸಲಾಗುವುದಿಲ್ಲ, ಕುಡುಗೋಲಿನಿಂದಲೇ ಕೊಯ್ಯಬೇಕು. ಅನೇಕ ಊರುಗಳಲ್ಲಿ ಅಕ್ಕಡಿ ಕಡಿಮೆಯಾಗಲು ಆಳಿನ ಕೊರತೆಯೇ ಮುಖ್ಯ ಕಾರಣ. ಕಳೆನಾಶಕ ಬಿಟ್ಟ ಮೇಲೆ ರಾಗಿಗೆ ಮೊದಲ ಒಂದು ತಿಂಗಳು ಕಳೆಯ ಕಾಟ ತಪ್ಪದು. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿದ್ದರೆ ಸಾಲುಗಳ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯಬಹುದು, ಚೆಲ್ಲಿದ್ದರೆ ಕೈಯಲ್ಲಿ ಕೀಳಬೇಕು. ಇಬ್ಬರೇ ದುಡಿಯುವ ಮನೆಯಲ್ಲಿ ಆ ವಾರಗಳನ್ನು ಯಾರು ತುಂಬುತ್ತಾರೆ ಎಂಬುದನ್ನು ಮನೆಯವರೊಂದಿಗೆ ಕೂತು ಮೊದಲೇ ಮಾತಾಡಿ. ಕಳೆ ಕೀಳುವ ಹೊರೆ ಬಹುಪಾಲು ಬೀಳುವುದು ಹೆಣ್ಣುಮಕ್ಕಳ ಮೇಲೆ, ಅವರನ್ನು ಕೇಳದೆ ತೀರ್ಮಾನ ಮಾಡಬಾರದು.

ಕಡಲೇಕಾಯಿ ತಾನೇ ಸಾರಜನಕ ಮಾಡಿಕೊಳ್ಳುವ ಬೆಳೆಯಾದ್ದರಿಂದ ಪರಿವರ್ತನೆ ಸುಲಭ. ಬೀಜಕ್ಕೆ ರೋಗ ತಡೆಯುವ ಶಿಲೀಂಧ್ರವಾದ ಟ್ರೈಕೊಡರ್ಮಾವನ್ನು ಕಿಲೋಗೆ 4 ಗ್ರಾಂನಂತೆ, ಅದರ ಜೊತೆಗೆ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂ ಸೂಕ್ಷ್ಮಾಣುವನ್ನು ಲೇಪಿಸಿ, ಹೂ ಬಿಡುವ ಸಮಯಕ್ಕೆ ಎಕರೆಗೆ 200 ಕಿಲೋ ಜಿಪ್ಸಂ ಕೊಡಿ. ಗಣಿಯಿಂದ ತೆಗೆದ ಜಿಪ್ಸಂ ಸಾವಯವದಲ್ಲಿ ಒಪ್ಪಿತ. ಕೆಂಪು ತಲೆ ಕಂಬಳಿ ಹುಳುವಿಗೆ ಮಾತ್ರ ಒಬ್ಬರ ಪ್ರಯತ್ನ ಸಾಲದು. ಮೊದಲ ಮಳೆಗಳ ನಂತರ ಚಿಟ್ಟೆ ಏಳುವಾಗ ಇಡೀ ಬಯಲಿನವರು ರಾತ್ರಿ ದೀಪದ ಬಲೆ ಇಡಬೇಕು.

ಟೊಮೆಟೊವನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಎಲೆ ಮುಟುರು ನಂಜು, ಅಂಗಮಾರಿ, ಕಾಯಿಕೊರಕ, ಈಚಿನ ವರ್ಷಗಳಲ್ಲಿ ಎಲೆ, ಕಾಯಿ ಕೊರೆಯುವ ಟೂಟಾ ಹುಳು ಇವೆಲ್ಲ ಒಟ್ಟಿಗೆ ಬರುವ ಬೆಳೆಯಿದು, ಹೂಡುವ ಹಣವೂ ದೊಡ್ಡದು. ಮೊದಲು ಐದಾರು ಗುಂಟೆಯಲ್ಲಿ ಮಾತ್ರ ಸಾವಯವ ಪ್ರಯೋಗ ಮಾಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು ಮತ್ತು ಮುಂಚಿನ ಅಂಗಮಾರಿಯನ್ನು ತಡೆದುಕೊಳ್ಳುವ ತಳಿ. ಅದೇ ಸಂಸ್ಥೆಯ ಇನ್ನೊಂದು ಶಿಫಾರಸು, 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. 45 ದಿನದ ಚೆಂಡುಹೂ ಸಸಿಯನ್ನು 25 ದಿನದ ಟೊಮೆಟೊ ಸಸಿಯೊಂದಿಗೆ ನೆಟ್ಟರೆ ಎರಡೂ ಒಟ್ಟಿಗೆ ಹೂ ಬಿಟ್ಟು, ಕಾಯಿಕೊರಕದ ಪತಂಗ ಟೊಮೆಟೊ ಬದಲು ಚೆಂಡುಹೂವಿಗೆ ಮೊಟ್ಟೆ ಇಡುತ್ತದೆ. ಬೇವಿನ ಬೀಜದ ಕಷಾಯಕ್ಕೆ 5 ಕಿಲೋ ತಿರುಳನ್ನು ಪುಡಿ ಮಾಡಿ ರಾತ್ರಿ ನೆನೆಸಿ, ಸೋಸಿ, 100 ಲೀಟರ್ ಮಾಡಿ, ಸ್ವಲ್ಪ ಸೋಪಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಅವರಿಗೆ ತಿಳಿಸಿಯೇ ಸಿಂಪಡಿಸಿ, ಬೇವು ಬಿದ್ದ ಸೊಪ್ಪು ರೇಷ್ಮೆ ಹುಳುವಿಗೆ ಆಗದು.

ಇಳುವರಿ ಇಳಿಯುತ್ತದೆಯೇ ಎಂದರೆ, ಮೊದಲ ವರ್ಷಗಳಲ್ಲಿ ಇಳಿಯುತ್ತದೆ ಎಂದುಕೊಂಡೇ ಲೆಕ್ಕ ಹಾಕಿ. ನಾನಾ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ ಸಾವಯವದ ಇಳುವರಿ ಸರಾಸರಿ ಶೇ 20ರಿಂದ 25ರಷ್ಟು ಕಡಿಮೆ ಕಂಡಿದೆ. ಮಳೆಯಾಶ್ರಿತ ದ್ವಿದಳ ಬೆಳೆಗಳಲ್ಲಿ ಈ ಅಂತರ ಬಹಳ ಸಣ್ಣದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಮ್ಮದೇ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದು ಬಂದ ಖುಷ್ಕಿ ರಾಗಿಯ ಪ್ರಯೋಗದಲ್ಲಿ, ಬರೀ ರಾಸಾಯನಿಕ ಗೊಬ್ಬರ ಕೊಟ್ಟ ತಾಕುಗಳ ಇಳುವರಿ ಕಾಲಕ್ರಮೇಣ ಕುಗ್ಗಿತು, ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕ ಗೊಬ್ಬರ ಕೊಟ್ಟ ತಾಕುಗಳು ಸ್ಥಿರವಾಗಿ ನಿಂತವು. ಆದ್ದರಿಂದ ತಿಪ್ಪೆಗೊಬ್ಬರ ಮುಟ್ಟದ ಭಾಗದಲ್ಲಿ ಯೂರಿಯಾವನ್ನು ಅರ್ಧಕ್ಕೆ ಇಳಿಸಿ, ಹಸಿರೆಲೆ ಗೊಬ್ಬರ ಸೇರಿಸಿ ಮುಂದುವರಿಸಿದರೆ ಅದನ್ನು ಸೋಲೆಂದು ತಿಳಿಯಬೇಡಿ.

ಪ್ರಮಾಣಪತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ರಫ್ತಿಗೆ ಬೇಕಾಗುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣೀಕರಣದಲ್ಲಿ ವಾರ್ಷಿಕ ಬೆಳೆಗಳಿಗೆ 2 ವರ್ಷ, ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ ಪರಿವರ್ತನಾ ಅವಧಿ ಇದೆ, ಒಬ್ಬರೇ ಮಾಡಿಸಲು ಎರಡೂವರೆ ಎಕರೆಗೆ ಖರ್ಚು ಹೊರೆಯಾಗುತ್ತದೆ. ನಿಮಗೆ ಹೊಂದುವುದು ಪಿಜಿಎಸ್, ಅಂದರೆ ರೈತರೇ ಪರಸ್ಪರ ಖಾತರಿ ಕೊಡುವ ಸಹಭಾಗಿತ್ವದ ಪ್ರಮಾಣೀಕರಣ. ಊರಿನ ಕನಿಷ್ಠ ಐವರು ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ ಅದು. ಒಂದೇ ಬೆಳೆಯನ್ನು ಒಂದು ಭಾಗದಲ್ಲಿ ಸಾವಯವವಾಗಿ, ಇನ್ನೊಂದು ಭಾಗದಲ್ಲಿ ರಾಸಾಯನಿಕವಾಗಿ ಬೆಳೆದರೆ ತೊಡಕಾಗುತ್ತದೆ, ಹಾಗಾಗಿ ರಾಗಿಯಾದರೆ ರಾಗಿಯನ್ನು ಪೂರ್ತಿ ಪರಿವರ್ತಿಸಿ. ರಾಗಿಯ ಸರ್ಕಾರಿ ಬೆಂಬಲ ಬೆಲೆಯಲ್ಲಿ (2025-26ರಲ್ಲಿ ಅದು ಕ್ವಿಂಟಲಿಗೆ 4886 ರೂಪಾಯಿ ಇತ್ತು) ಸಾವಯವಕ್ಕೆಂದು ಹೆಚ್ಚುವರಿ ದರವಿಲ್ಲ. ಹೆಚ್ಚಿನ ಬೆಲೆ ಬೇಕಾದರೆ ನೇರ ಗ್ರಾಹಕರನ್ನು ನೀವೇ ಹುಡುಕಬೇಕು. ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ದಾಟದ ಸಣ್ಣ ಬೆಳೆಗಾರರು ತಾವು ಬೆಳೆದದ್ದನ್ನು ತಿನ್ನುವವರಿಗೆ ನೇರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ ಸಾವಯವ ನಿಯಮಗಳಲ್ಲಿ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಮೊದಲ ಎರಡು ವರ್ಷ ಹೆಚ್ಚಿನ ಬೆಲೆ ಬರುವುದಿಲ್ಲವೆಂದೇ ಎಣಿಸಿ, ಮನೆಯ ಊಟಕ್ಕೆ ಬೇಕಾದ ರಾಗಿ, ಬೇಳೆ, ಎಣ್ಣೆಕಾಳು ಮೊದಲು ಒಳಗೆ ಸೇರಲಿ.

ಈ ವರ್ಷಕ್ಕೆ ನನ್ನ ಸಲಹೆ: ಮುಕ್ಕಾಲು ಎಕರೆ ರಾಗಿ ಅಕ್ಕಡಿ ಪೂರ್ತಿ ಸಾವಯವ, ಉಳಿದ ಮುಕ್ಕಾಲು ಎಕರೆ ಕಡಲೇಕಾಯಿ ಸಾವಯವ, ಟೊಮೆಟೊದಲ್ಲಿ ಐದಾರು ಗುಂಟೆ ಪ್ರಯೋಗ. ಮುಂದಿನ ವರ್ಷ ರಾಗಿಯ ಜಾಗಕ್ಕೆ ಕಡಲೇಕಾಯಿ ಬರಲಿ. ಬೇಸಿಗೆಯಲ್ಲಿಯೇ ಹೊಲದ ಹತ್ತಾರು ಕಡೆ ಅರ್ಧ ಅಡಿ ಆಳಕ್ಕೆ ಗುಂಡಿ ತೋಡಿ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಡಿ. ವರದಿ ಬಂದ ಮೇಲೆ ಸಾವಯವ ಇಂಗಾಲದ ಅಂಕಿಯನ್ನೂ, ತಿಪ್ಪೆಯಲ್ಲಿ ಈಗ ಎಷ್ಟು ಟ್ರ್ಯಾಕ್ಟರ್ ಲೋಡ್ ಗೊಬ್ಬರವಿದೆ ಎಂಬುದನ್ನೂ ಇಲ್ಲಿ ತಿಳಿಸಿ. ಎಷ್ಟು ಹಿಂಡಿ ಕೊಳ್ಳಬೇಕು, ಮಂದೆ ಎಷ್ಟು ರಾತ್ರಿ ನಿಲ್ಲಬೇಕು ಎಂಬುದನ್ನು ಆಗ ಖಚಿತವಾಗಿ ಹೇಳಬಹುದು.