ರಿವ್ಯೂ ಚೆನ್ನಾಗಿಲ್ಲ, ಆದ್ರೂ ಸೈಕಲ್ ಇಷ್ಟ ಆಗಿದೆ, ತಗೊಳ್ಳಲಾ?

ಪ್ರಶ್ನೆ: ನಮಸ್ಕಾರ ಸರ್. ಮೊದಲನೇ ಸಲ ರೋಡ್ ಬೈಕ್, ಅಂದ್ರೆ ಬಾಗಿದ ಹ್ಯಾಂಡಲ್ಲಿನ ಗೇರ್ ಸೈಕಲ್ಲು, ತಗೋಬೇಕು ಅಂತಿದೀನಿ, ಇಲ್ಲಿವರೆಗೂ ಗೇರ್ ಇಲ್ಲದ ಮಾಮೂಲಿ ಸೈಕಲ್ ಓಡಿಸಿ ಗೊತ್ತು ಅಷ್ಟೇ. ವಾರದ ದಿನ ಕೆಲಸಕ್ಕೆ ಹೋಗಿ ಬರೋಕೆ, ಭಾನುವಾರ ಒಂದು 40-50 ಕಿಲೋಮೀಟರ್ ಸುತ್ತೋಕೆ. ನೋಡಿಟ್ಟಿರೋ ಮಾಡೆಲ್ಲು ಅಲ್ಯೂಮಿನಿಯಂ ಫ್ರೇಮು, ಶಿಮಾನೊ ಕಂಪನಿಯ ಆರಂಭದ ದರ್ಜೆಯ ಕ್ಲಾರಿಸ್ ಗೇರು, ಮುಂದೆ 2 ಹಿಂದೆ 8 ಹಲ್ಲುಚಕ್ರ, ರಿಮ್ಮನ್ನೇ ಒತ್ತಿ ಹಿಡಿಯೋ ರಿಮ್ ಬ್ರೇಕು. ಬಜೆಟ್ಟಿಗೂ ಸರಿಹೋಗುತ್ತೆ. ಆದ್ರೆ ರಿವ್ಯೂ ಓದೋಕೆ ಶುರು ಮಾಡಿದ ಮೇಲೆ ಮನಸ್ಸೇ ಕೂತ್ಕೋತಿಲ್ಲ. ಒಬ್ರು ತುಂಬ ಭಾರ ಅಂತಾರೆ, ಒಬ್ರು ಗೇರು ತಾನಾಗೇ ಜಾರುತ್ತೆ ಅಂತಾರೆ, ಬ್ರೇಕ್ ಹಿಡಿಯಲ್ಲ, ಸೀಟಲ್ಲಿ ಕೂರೋಕಾಗಲ್ಲ, ಹಿಂದಿನ ಚಕ್ರದ ಕಡ್ಡಿ ಮುರೀತು, ಇನ್ನೊಬ್ರಂತೂ ಇನ್ನೊಂದು ವರ್ಷ ದುಡ್ಡು ಕೂಡಿಟ್ಟು ಶಿಮಾನೊದ್ದೇ ಮೇಲಿನ ದರ್ಜೆಯ 105 ಗೇರ್ ಇರೋದೇ ತಗೊಳ್ಳಿ ಅಂದಿದಾರೆ. ಏನ್ ಮಾಡ್ಲಿ?

ಉತ್ತರ: ನಿಮ್ಮ ಪಟ್ಟಿಲಿ ನಾನು ಎರಡು ಸಲ ಓದಿದ್ದು ಒಂದೇ ದೂರು, ಕಡ್ಡಿ ಮುರಿದಿದ್ದು. ಅದಕ್ಕೆ ಆಮೇಲೆ ಬರ್ತೀನಿ. ಉಳಿದಿದ್ದೆಲ್ಲ ಈ ದರ್ಜೆಯ ಯಾವ ಸೈಕಲ್ ಕೆಳಗೂ ಸಿಗೋ ಮಾತುಗಳೇ, ಅಂದ್ರೆ ಸುಳ್ಳು ಅಂತಲ್ಲ, ಬರೆದವರಿಗೆ ನಿಜವಾಗ್ಲೂ ತೊಂದರೆ ಆಗಿದೆ, ಆದ್ರೆ ಆ ತೊಂದರೆ ಸೈಕಲ್‌ದಾ ಅಥವಾ ಅದನ್ನ ಜೋಡಿಸಿದ ರೀತಿದಾ ಅನ್ನೋದನ್ನ ನೀವು ಬಿಡಿಸಿ ನೋಡ್ಬೇಕು.

ಗೇರು ಜಾರೋದು ತಗೊಳ್ಳಿ. ಹೊಸ ಸೈಕಲ್‌ನ ಗೇರ್ ಕೇಬಲ್ಲು ಮತ್ತು ಅದರ ಹೊರಗಿನ ಕವಚ ಮೊದಲ ಕೆಲವು ವಾರದಲ್ಲಿ ಒತ್ತಿಕೊಂಡು ಕೂರುತ್ವೆ, ಕೇಬಲ್ ಒಂಚೂರು ಸಡಿಲ ಆಗುತ್ತೆ, ಆಗ ಚೈನು ಒಂದು ಹಲ್ಲುಚಕ್ರದ ಮೇಲೆ ಸರಿಯಾಗಿ ನಿಲ್ಲದೆ ಟಕಟಕ ಅನ್ನುತ್ತೆ ಇಲ್ಲಾ ಪಕ್ಕಕ್ಕೆ ಹಾರುತ್ತೆ. ಕೇಬಲ್ ಬಿಗಿ ಮಾಡೋ ಪುಟ್ಟ ತಿರುಪು ಅರ್ಧ ಸುತ್ತು, ಮುಕ್ಕಾಲು ಸುತ್ತು ತಿರುಗಿಸಿದ್ರೆ ಬಹಳ ಸಲ ಅಲ್ಲಿಗೆ ಮುಗೀತು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಹಿಂದಿನ ಡಿರೇಲರ್ ನೇತಾಕಿರೋ ಹ್ಯಾಂಗರ್ ಸಾಗಾಟದಲ್ಲಿ ಬಾಗಿರಬಹುದು, ಅದು ಮೆತ್ತನೆ ಲೋಹದ ತುಂಡು, ಮೆಕ್ಯಾನಿಕ್ ನೆಟ್ಟಗೆ ಮಾಡ್ತಾರೆ ಅಥವಾ ಬದಲಾಯಿಸ್ತಾರೆ. ಈ ರಿವ್ಯೂಗಳು ಎಷ್ಟು ದಿನ ಓಡಿಸಿದ ಮೇಲೆ ಬರೆದಿದ್ದು ನೋಡಿ, ಮೊದಲ ಸರ್ವಿಸ್‌ಗೂ ಮುಂಚೆ ಬರೆದಿದ್ದಾದ್ರೆ ಅದರಿಂದ ಕ್ಲಾರಿಸ್ ಬಗ್ಗೆ ಏನೂ ಗೊತ್ತಾಗಲ್ಲ. ನಿಜ ಹೇಳ್ಬೇಕಂದ್ರೆ 8 ಸ್ಪೀಡಲ್ಲಿ, ಅಂದ್ರೆ ಹಿಂದೆ 8 ಹಲ್ಲುಚಕ್ರ ಇರೋದ್ರಲ್ಲಿ, ಹಲ್ಲುಚಕ್ರಗಳ ನಡುವಿನ ಜಾಗ 11, 12 ಸ್ಪೀಡಿಗಿಂತ ಜಾಸ್ತಿ, ಹಾಗಾಗಿ ಸಣ್ಣಪುಟ್ಟ ಅಡ್ಜಸ್ಟ್‌ಮೆಂಟ್ ತಪ್ಪಿದ್ರೂ ಅದು ತಡ್ಕೊಳ್ಳುತ್ತೆ, ಚೈನು, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಸವೆದಾಗ ಬದಲಾಯಿಸೋ ಖರ್ಚೂ ಕಮ್ಮಿ. ರಿವ್ಯೂ ಯಾವ ವರ್ಷದ್ದು ಅಂತಾನೂ ನೋಡಿ. 2017ರಲ್ಲಿ ಬಂದ ಆರ್2000 ಸರಣಿಯ ಕ್ಲಾರಿಸ್‌ಗೂ ಅದಕ್ಕಿಂತ ಹಿಂದಿನದಕ್ಕೂ ಗೇರು-ಬ್ರೇಕಿನ ಲಿವರ್ ವಿಷಯದಲ್ಲಿ ಒಳ್ಳೇ ವ್ಯತ್ಯಾಸ ಇದೆ, ಹಳೇದ್ರಲ್ಲಿ ಗೇರ್ ಕೇಬಲ್ ಹೊರಗೆ ಕಾಣ್ತಿತ್ತು, ಹೊಸದ್ರಲ್ಲಿ ಹ್ಯಾಂಡಲ್ ಟೇಪ್ ಒಳಗೆ ಹೋಗುತ್ತೆ.

ಬ್ರೇಕ್ ಹಿಡಿಯಲ್ಲ ಅನ್ನೋದ್ರಲ್ಲಿ ಅರ್ಧ ಸತ್ಯ ಇದೆ. ಗೇರಿನ ಮೇಲೆ ಶಿಮಾನೊ ಹೆಸರು ಇರುತ್ತೆ, ಬ್ರೇಕ್ ಮಾತ್ರ ಹೆಸರಿಲ್ಲದ್ದು ಹಾಕಿ ಖರ್ಚು ಉಳಿಸೋದು ಈ ದರ್ಜೆಲಿ ಮಾಮೂಲಿ, ಪ್ಯಾಡು ಗಟ್ಟಿ ರಬ್ಬರ್ ಆಗಿರುತ್ತೆ. ಒಳ್ಳೇ ಕಂಪನಿ ಪ್ಯಾಡ್ ಹಾಕಿಸಿ, ರಿಮ್ ಮೇಲಿನ ಎಣ್ಣೆ ಜಿಡ್ಡು ಸ್ಪಿರಿಟ್ಟಲ್ಲಿ ಒರೆಸಿ, ವ್ಯತ್ಯಾಸ ಮೊದಲ ಇಳಿಜಾರಲ್ಲೇ ಗೊತ್ತಾಗುತ್ತೆ. ಇನ್ನರ್ಧ ನಿಮ್ಮ ಕೈಗೆ ಸಂಬಂಧಪಟ್ಟಿದ್ದು, ಇದನ್ನ ಯಾರೂ ಹೊಸಬರಿಗೆ ಹೇಳಲ್ಲ. ಡ್ರಾಪ್ ಹ್ಯಾಂಡಲ್ (ಕೆಳಕ್ಕೆ ಬಾಗಿರೋ ಹ್ಯಾಂಡಲ್) ಮೇಲ್ಗಡೆ, ಲಿವರ್ ಹುಡ್ (ಲಿವರ್ ಬುಡದ ರಬ್ಬರ್ ಹಿಡಿ) ಮೇಲೆ ಕೈ ಇಟ್ಟು ಬ್ರೇಕ್ ಹಿಡಿದ್ರೆ ಬೆರಳು ಲಿವರಿನ ಬುಡದ ಹತ್ರ ಬೀಳುತ್ತೆ, ಸನ್ನೆಕೋಲಿನ ಬಲ ಸಿಗಲ್ಲ. ಕೆಳಗಿನ ಬಾಗಿನಲ್ಲಿ ಕೈ ಇಟ್ಟು ಲಿವರಿನ ತುದಿ ಎಳೆದ್ರೆ ಅದೇ ಬ್ರೇಕು ಎಷ್ಟೋ ಜೋರಾಗಿ ಹಿಡಿಯುತ್ತೆ. ನೇರ ಹ್ಯಾಂಡಲ್ ಸೈಕಲ್‌ನಿಂದ ಬಂದವರು ಮೊದಲ ವಾರ ಮೇಲಿಂದಾನೇ ಹಿಡೀತಾರೆ, ಗಾಬರಿ ಆಗ್ತಾರೆ, ಬಂದು ರಿವ್ಯೂ ಬರೀತಾರೆ. ಇಳಿಜಾರಲ್ಲಿ ಕೈ ಕೆಳಗೆ, ಇಷ್ಟು ಅಭ್ಯಾಸ ಮಾಡ್ಕೊಳ್ಳಿ.

ಸೀಟು ಬಿಡಿ, ಅದು ಪ್ರತಿ ದೇಹಕ್ಕೂ ಬೇರೆ. ಎತ್ತರ ಸರಿ ಮಾಡಿಸಿ, ಮಟ್ಟವಾಗಿ ಕೂರಿಸಿ, ಪ್ಯಾಡ್ ಇರೋ ಶಾರ್ಟ್ಸ್ ಹಾಕಿ, ಕೆಲವು ವಾರ ಆದ್ರೂ ನೋವಿದ್ರೆ ಸೀಟ್ ಬದಲಾಯಿಸಿ.

ಭಾರದ ವಿಷಯ. ಈ ದರ್ಜೆ ಸೈಕಲ್ 10-11 ಕೆಜಿ ಸಾಮಾನ್ಯ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸಿಗೆ ಇಟ್ಟಿರೋ ಕನಿಷ್ಠ ತೂಕ 6.8 ಕೆಜಿ, ಜನ ಮನಸ್ಸಲ್ಲಿ ಹೋಲಿಸೋದು ಆ ಸೈಕಲ್‌ಗಳ ಜೊತೆ. ನೀವು 70 ಕೆಜಿ, ಸೈಕಲ್ 10 ಕೆಜಿ ಅಂತ ಇಟ್ಕೊಳ್ಳಿ, ಏರಲ್ಲಿ ನೀವು ಎಳೆಯೋದು 80. ಅದ್ರಲ್ಲಿ 2 ಕೆಜಿ ಕಮ್ಮಿ ಆದ್ರೆ 2.5%, 40 ನಿಮಿಷದ ಏರಲ್ಲಿ ಸುಮಾರು ಒಂದು ನಿಮಿಷ. ಸಮತಟ್ಟು ರಸ್ತೆಲಿ ಅಷ್ಟೂ ಇಲ್ಲ, ಅಲ್ಲಿ ವೇಗ ಏರಿದ ಹಾಗೆ ನಿಮ್ಮನ್ನ ತಡೆಯೋದು ಗಾಳಿ. ಅದರ ಬದಲು ಹಿಂದಿನ ದೊಡ್ಡ ಹಲ್ಲುಚಕ್ರ ಎಷ್ಟು ಹಲ್ಲಿಂದು ಕೇಳಿ. 28 ಇರೋ ಜಾಗದಲ್ಲಿ 32 ಇದ್ರೆ ಕೊನೇ ಗೇರು 12%ಗಿಂತ ಸ್ವಲ್ಪ ಜಾಸ್ತಿನೇ ಹಗುರ ಆಗುತ್ತೆ, ಮೊಣಕಾಲಿಗೆ ಗೊತ್ತಾಗೋದು ಅದು.

ಈಗ ಕಡ್ಡಿ. ಮೆಷಿನ್ನಲ್ಲಿ ಕಟ್ಟಿದ ಅಗ್ಗದ ಚಕ್ರಗಳಲ್ಲಿ ಕಡ್ಡಿಗಳ ಬಿಗಿ ಒಂದೇ ಸಮ ಇರಲ್ಲ. ಹಿಂದಿನ ಚಕ್ರಕ್ಕೆ ಭಾರ ಜಾಸ್ತಿ, ಮೇಲಾಗಿ ಗೇರಿನ ಗೊಂಚಲಿಗೆ ಜಾಗ ಬಿಡಬೇಕಾಗಿರೋದ್ರಿಂದ ಎಡಗಡೆ ಬಲಗಡೆ ಬಿಗಿ ಬೇರೆಬೇರೆ. ಸಡಿಲ ಇರೋ ಕಡ್ಡಿ ಚಕ್ರ ಒಂದೊಂದು ಸುತ್ತು ಬಂದಾಗ್ಲೂ ಬಿಗಿಯಾಗಿ ಸಡಿಲಾಗಿ, ಬಗ್ಗಿಸಿ ಬಗ್ಗಿಸಿ ತಂತಿ ಮುರಿಯೋ ಹಾಗೇ, ಚಕ್ರದ ನಡುವಿನ ಹಬ್ ಹತ್ರದ ಬಾಗಿನಲ್ಲಿ ಒಂದು ದಿನ ತುಂಡಾಗುತ್ತೆ. ಒಬ್ಬರಿಗೆ ಒಂದು ಕಡ್ಡಿ ಮುರಿದಿದ್ರೆ ನಾನು ಸೈಕಲ್ ಬಿಡಿ ಅನ್ನಲ್ಲ. ತಗೊಳ್ಳೋ ದಿನಾನೇ ಎರಡೂ ಚಕ್ರದ ಬಿಗಿ ನೋಡಿ ಡೊಂಕು ತೆಗೆದುಕೊಡಿ ಅಂತ ಕೇಳಿ, ಒಂದಿನ್ನೂರು ಕಿಲೋಮೀಟರ್ ಆದ ಮೇಲೆ ಇನ್ನೊಂದು ಸಲ ಮಾಡಿಸಿ. ಆದ್ರೆ ನಾಲ್ಕಾರು ಜನ, ಒಬ್ಬರಿಗೊಬ್ಬರು ಸಂಬಂಧ ಇಲ್ಲದವರು, ಇದೇ ಮಾಡೆಲ್‌ನ ಇದೇ ಚಕ್ರದ ಬಗ್ಗೆ ಇದೇ ಮಾತು ಬರೆದಿದ್ರೆ ಅದು ಬೇರೆ ವಿಷಯ, ಆಗ ಬೇರೆ ಚಕ್ರ ಹಾಕಿಸೋ ಖರ್ಚನ್ನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ನಿಲ್ಲಿಸಿಬಿಡಿ ಅನ್ನೋ ದೂರುಗಳೂ ಇವೆ. ವೆಲ್ಡಿಂಗ್ ಹತ್ರ ಫ್ರೇಮ್ ಬಿರುಕು, ಮುಂದಿನ ಚಕ್ರ ಹಿಡಿಯೋ ಫೋರ್ಕ್ ಬಿರುಕು, ಕಂಪನಿನೇ ವಾಪಸ್ ಕರೆಸಿಕೊಂಡ ಮಾಡೆಲ್ಲು, ಫ್ರೇಮಿಗೆ ವಾರಂಟಿ ಕೊಡದೆ ಇರೋದು. ಅಂಥದ್ದು ಒಂದು ಕಂಡ್ರೂ ಪೂರ್ತಿ ವಿಚಾರಿಸದೆ ಮುಂದೆ ಹೋಗ್ಬೇಡಿ, ಯಾಕಂದ್ರೆ ಬೇರೆ ಎಲ್ಲ ಭಾಗ ಬದಲಾಯಿಸಬಹುದು, ಫ್ರೇಮ್ ಬದಲಾದ್ರೆ ಅದು ಬೇರೆ ಸೈಕಲ್ಲೇ. ನೀವು ಬರೆದಿದ್ರಲ್ಲಿ ಅಂಥದ್ದು ಒಂದೂ ಇಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ ನಿಮ್ಮ ಪತ್ರದಲ್ಲೇ ಇಲ್ಲ, ಸೈಜು! ಕೈ ಜೋಮು, ಕತ್ತು ನೋವು, ಬೆನ್ನು ನೋವು ಅಂತ ಬರೆಯೋ ಎಷ್ಟೋ ಜನ ಓಡಿಸ್ತಿರೋದು ಅವರ ಅಳತೆದಲ್ಲದ ಫ್ರೇಮು. ನಿಮ್ಮ ಸೈಜ್ ಸ್ಟಾಕ್ ಇಲ್ಲ, ಒಂದು ಸೈಜ್ ದೊಡ್ಡದು ಇದೆ, ರಿಯಾಯಿತಿ ಕೊಡ್ತೀವಿ ಅಂದ್ರೆ ದಯವಿಟ್ಟು ಬೇಡ ಅನ್ನಿ. ಓಡಿಸಿ ನೋಡಿ, ಹುಡ್ ಮೇಲೆ ಕೈ ಇಟ್ಟಾಗ ಮೊಣಕೈ ಸ್ವಲ್ಪ ಬಗ್ಗಿರ್ಬೇಕು, ಪೂರ್ತಿ ಚಾಚಿಕೊಂಡಿದ್ರೆ ಉದ್ದ ಆಯ್ತು ಅಂತ. ದಿನಾ ಕೆಲಸಕ್ಕೆ ಹೋಗೋರು ನೀವು, 28 ಎಂಎಂ ಟಯರ್ ಹಿಡಿಸುತ್ತಾ, ಮಡ್‌ಗಾರ್ಡ್ ಕ್ಯಾರಿಯರ್ ಹಾಕೋಕೆ ಫ್ರೇಮಲ್ಲಿ ತೂತು ಇದ್ಯಾ, ಅದನ್ನೂ ಕೇಳಿ.

105 ಒಳ್ಳೇ ಗೇರು, ಸಂಶಯ ಇಲ್ಲ. ಆದ್ರೆ ಒಂದು ವರ್ಷ ಕಾಯೋದು ಅಂದ್ರೆ ಒಂದು ವರ್ಷ ಓಡಿಸದೇ ಇರೋದು, ಆ ವರ್ಷದಲ್ಲಿ ನಿಮಗೆ ಎಂಥ ಸೈಕಲ್ ಬೇಕು ಅನ್ನೋದು ಗೊತ್ತಾಗೋದೇ ಓಡಿಸಿದ್ರೆ. ಸೈಜ್ ಸಿಕ್ಕಿದ್ರೆ ತಗೊಳ್ಳಿ.

ಪ್ರಶ್ನೆ: ಸರ್, ನಾನು ತರಿಸಿರೋದು ಬಾಕ್ಸಲ್ಲಿ ಬಂದಿದೆ, ಅರೆಬರೆ ಜೋಡಿಸಿದ್ದು. ವಿಡಿಯೋ ನೋಡ್ಕೊಂಡು ನಾನೇ ಜೋಡಿಸಿದ್ರೆ ಆಗಲ್ವಾ? ಪೆಡಲ್ ಕಿತ್ಕೊಂಡು ಬಂತು ಅಂತ ಒಂದು ರಿವ್ಯೂ ಓದಿ ಭಯ ಆಗ್ತಿದೆ.

ಉತ್ತರ: ಪೆಡಲ್ ಕಿತ್ಕೊಂಡು ಬಂತು ಅಂದ್ರೆ ಹೆಚ್ಚಾಗಿ ಮರೆ (ತಿರುಪಿನ ಸುರುಳಿ ಗೀರು) ಹಾಳಾಗಿದೆ ಅಂತ ಅರ್ಥ. ಎಡಗಡೆ ಪೆಡಲ್ಲಿನ ಮರೆ ಉಲ್ಟಾ, ಬಿಗಿ ಮಾಡೋಕೆ ಅಪ್ರದಕ್ಷಿಣೆಯಾಗಿ ತಿರುಗಿಸ್ಬೇಕು. ಅದು ಗೊತ್ತಿಲ್ಲದೆ ಬಲವಂತ ಮಾಡಿದ್ರೆ ಪೆಡಲ್ ಕೂರೋ ಕ್ರ್ಯಾಂಕಿನ ಮೆತ್ತನೆ ಅಲ್ಯೂಮಿನಿಯಂ ಮರೆ ಕೊಚ್ಚಿ ಹೋಗುತ್ತೆ. ಎರಡೂ ಪೆಡಲ್ ಮೇಲೆ ಎಡ ಬಲ ಅಂತ ಗುರುತು ಇರುತ್ತೆ, ಗ್ರೀಸ್ ಹಚ್ಚಿ, ಮೊದಲು ಬೆರಳಲ್ಲೇ ತಿರುಗಿಸಿ, ಸಲೀಸಾಗಿ ಒಳಗೆ ಹೋಗ್ತಿದ್ರೆ ಮಾತ್ರ ಸ್ಪ್ಯಾನರ್ ಹಾಕಿ. ಫೋರ್ಕು ಹಿಂದುಮುಂದಾಗಿ ಕೂತಿಲ್ಲ ಅಂತ ನೋಡಿ, ಮುಂದಿನ ರಿಮ್ ಬ್ರೇಕು ಫೋರ್ಕಿನ ಮುಂಭಾಗದಲ್ಲಿರ್ಬೇಕು. ಹ್ಯಾಂಡಲ್ ಹಿಡಿಯೋ ಸ್ಟೆಮ್ ಬೋಲ್ಟ್ ಪಕ್ಕದಲ್ಲೇ ಎಷ್ಟು ಬಿಗಿ ಅಂತ ಬರೆದಿರುತ್ತೆ, 5 ನ್ಯೂಟನ್ ಮೀಟರ್ ಸಾಮಾನ್ಯ, ನಾಲ್ಕೂ ಬೋಲ್ಟನ್ನ ಒಂದೊಂದು ಚೂರು ಸಮವಾಗಿ ಬಿಗಿ ಮಾಡ್ತಾ ಬನ್ನಿ. ಇಷ್ಟು ನೀವೇ ಮಾಡಬಹುದು. ಬ್ರೇಕು ಮತ್ತು ಚಕ್ರ ಮಾತ್ರ ರಸ್ತೆಗಿಳಿಯೋ ಮುಂಚೆ ಒಬ್ಬ ಮೆಕ್ಯಾನಿಕ್ ಕೈಲಿ ನೋಡಿಸಿಬಿಡಿ.

ಪ್ರಶ್ನೆ: ನನ್ನ ತೂಕ 110 ಕೆಜಿ. ರಿವ್ಯೂ ಬರೆದವರ್ಯಾರೂ ನನ್ನ ಗಾತ್ರದವರಲ್ಲ ಅನ್ಸುತ್ತೆ. ನಾನೂ ಇಂಥ ಸೈಕಲ್ ತಗೋಬಹುದಾ?

ಉತ್ತರ: ಖಂಡಿತ ತಗೋಬಹುದು, ಆದ್ರೆ ಮೇಲಿನವರಿಗೆ ಕಡ್ಡಿ ವಿಷಯದಲ್ಲಿ ಕೊಟ್ಟ ಸಡಿಲಿಕೆ ನಿಮಗೆ ಕೊಡಲ್ಲ. ಮ್ಯಾನ್ಯುಯಲ್ಲಲ್ಲಿ ತೂಕದ ಮಿತಿ ಬರೆದಿರುತ್ತೆ, ಕೆಲವರು ಸವಾರ ಮಾತ್ರ ಅಂತ ಹೇಳ್ತಾರೆ, ಕೆಲವರು ಸೈಕಲ್ಲು ಲಗೇಜು ಎಲ್ಲ ಸೇರಿಸಿ ಹೇಳ್ತಾರೆ, ಯಾವುದು ಅಂತ ಸರಿಯಾಗಿ ಓದಿ. ಹಿಂದಿನ ಚಕ್ರದ ಕಡ್ಡಿ ಎಣಿಸಿ, 20, 24 ಇದ್ರೆ ಬೇಡ, 32 ಇದ್ರೆ ಒಳ್ಳೇದು. ಟಯರ್ 28 ಅಥವಾ 32 ಎಂಎಂ ಹಿಡಿಸೋ ಫ್ರೇಮೇ ನೋಡಿ, ಗಾಳಿ ಕಮ್ಮಿ ಆದ್ರೆ ಗುಂಡಿಗೆ ಬಿದ್ದಾಗ ರಿಮ್ ಮತ್ತು ರಸ್ತೆ ನಡುವೆ ಟ್ಯೂಬ್ ಸಿಕ್ಕಿಕೊಂಡು ಪಂಕ್ಚರ್ ಆಗುತ್ತೆ, ಅಗಲ ಟಯರಲ್ಲಿ ಆ ಕಾಟ ಕಮ್ಮಿ. ಇನ್ನು 7 ಸ್ಪೀಡ್ ಸೈಕಲ್ ತೋರಿಸಿದ್ರೆ ಹಿಂದೆ ಇರೋದು ಫ್ರೀವೀಲಾ ಕ್ಯಾಸೆಟ್ಟಾ ಕೇಳಿ. ಹಳೇ ಥರ ಮರೆ ಹಾಕಿ ಕೂರಿಸೋ ಫ್ರೀವೀಲಲ್ಲಿ ಬಲಗಡೆ ಬೇರಿಂಗ್ ಒಳಗಡೆ ಇರುತ್ತೆ, ಆಕ್ಸಲ್ಲಿಗೆ ಆಚೆ ಆಸರೆ ಇರಲ್ಲ, ಭಾರ ಜಾಸ್ತಿ ಆದ್ರೆ ಬಾಗುತ್ತೆ, ಮುರಿಯೋದೂ ಉಂಟು. ಕ್ಯಾಸೆಟ್ ಹಬ್ಬಲ್ಲಿ ಆ ಬೇರಿಂಗ್ ಆಚೆ ತುದಿ ಹತ್ರ ಇರುತ್ತೆ, ನಿಮಗೆ ಅದೇ ಬೇಕು.