ಪ್ರತಿಕ್ರಿಯೆ: ತಾಯಿಯವರಿಗೆ ಕರುಳು ಶುದ್ಧಿ ಮಾಡಿಸುವ ಕುರಿತು

ಮಲಬದ್ಧತೆಯ ಜತೆಗೆ ಮೂತ್ರಪಿಂಡದ ತೊಂದರೆಯೂ ಇರುವ 62 ವರ್ಷದ ತಾಯಿಯವರಿಗೆ ಯಂತ್ರದ ಮೂಲಕ ಕರುಳು ತೊಳೆಸಬಹುದೇ ಎಂದು ಕೇಳಿದ್ದೀರಿ. ಬೇಡವೆಂದೇ ನನ್ನ ಅಭಿಪ್ರಾಯ. ಈ ವಿಧಾನದಲ್ಲಿ ಗುದದ್ವಾರಕ್ಕೆ ನಳಿಕೆಯಿಟ್ಟು, ಒಂದೇ ಬಾರಿಗೆ 60 ಲೀಟರಿನವರೆಗೂ ನೀರನ್ನು ದೊಡ್ಡ ಕರುಳಿನಲ್ಲಿ ಹಾಯಿಸುವುದುಂಟು. ಇದರಿಂದ ರಕ್ತದ ಸೋಡಿಯಂ, ಪೊಟ್ಯಾಸಿಯಂ ಏರುಪೇರಾದರೆ ಸರಿದೂಗಿಸಬೇಕಾದದ್ದು ಮೂತ್ರಪಿಂಡವೇ, ಅವರಲ್ಲಿ ಅದೇ ದುರ್ಬಲವಾಗಿದೆ.

ಕರುಳಿನ ಗೋಡೆಗೆ ವರ್ಷಗಟ್ಟಲೆ ಮಲ ಅಂಟಿಕೊಂಡಿರುತ್ತದೆ ಎಂಬ ಮಾತು ನಿಜವಲ್ಲ. ಅದರ ಒಳಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸತಾಗುತ್ತವೆ. ಶುದ್ಧಿಯ ಪುಡಿಗಳ ಜಾಹೀರಾತಿನಲ್ಲಿ ತೋರಿಸುವ ಹಗ್ಗದಂತಹ ಕಪ್ಪು ಪದಾರ್ಥವು ಸಾಮಾನ್ಯವಾಗಿ ಆ ಪುಡಿಯಲ್ಲೇ ಇರುವ ಇಸಬ್ಗೋಲ್ ಮತ್ತು ಜೇಡಿಮಣ್ಣು ನೀರು ಹೀರಿ ಗಟ್ಟಿಯಾದ ಮುದ್ದೆ. (ಒಂದು ಚಮಚ ಇಸಬ್ಗೋಲನ್ನು ಅರ್ಧ ಲೋಟ ನೀರಿನಲ್ಲಿ ನೆನೆಸಿಟ್ಟರೆ ಲೋಳೆಯಾಗುವುದನ್ನು ನೀವೇ ಕಾಣಬಹುದು.)

ಆಯುರ್ವೇದದ ಬಸ್ತಿಯೇ ಬೇರೆ; ಅಲ್ಲಿ ತೈಲವನ್ನೋ ಕಷಾಯವನ್ನೋ ಗುದದ್ವಾರದ ಮೂಲಕ ಅಳತೆಯಾಗಿ ಕೊಡುತ್ತಾರೆ. ಆದರೂ ಮೂತ್ರಪಿಂಡದ ವೈದ್ಯರನ್ನು ಕೇಳದೆ ಅದನ್ನೂ ಮಾಡಿಸಬೇಡಿ.

ತಾಯಿಯವರು ಕಬ್ಬಿಣದ ಅಥವಾ ಕ್ಯಾಲ್ಸಿಯಂ ಮಾತ್ರೆ ಸೇವಿಸುತ್ತಿದ್ದಾರೆಯೇ? ಅವುಗಳಿಂದಲೂ ಮಲ ಗಟ್ಟಿಯಾಗುತ್ತದೆ. ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ, ದಿನಕ್ಕೆ ಎಷ್ಟು ನೀರು ಕುಡಿಯಬಹುದೆಂಬುದನ್ನೂ ಕೇಳಿಕೊಳ್ಳಿ. ಮಲದಲ್ಲಿ ರಕ್ತ ಕಂಡರೆ ಅಥವಾ ತೂಕ ಇಳಿಯುತ್ತಿದ್ದರೆ ತಡಮಾಡದೆ ತಪಾಸಣೆ ಮಾಡಿಸಿ.