ಉಪ್ಪಳದ ಕಟ್ಟಡ: ಬ್ಯಾಂಕ್ ಸಾಲವೋ, ಭಾವಮೈದುನನ ಪಾಲೋ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕ. ಇದೇ ಜಿಲ್ಲೆಯ ಉಪ್ಪಳದಲ್ಲಿ ನಾಲ್ಕು ಅಂಗಡಿ ರೂಮುಗಳ ಕಟ್ಟಡವೊಂದು 50 ಲಕ್ಷಕ್ಕೆ ಸಿಗುತ್ತಿದೆ. ಬಾಡಿಗೆ ಒಟ್ಟು ತಿಂಗಳಿಗೆ 24,000 ರೂಪಾಯಿ. ನನ್ನ ಹತ್ತಿರ 22 ಲಕ್ಷ ಇದೆ. ಉಳಿದದ್ದಕ್ಕೆ ಸಾಲ ಮಾಡಲೇ? ಅಥವಾ ದುಬೈಯಲ್ಲಿರುವ ಹೆಂಡತಿಯ ತಮ್ಮನನ್ನು ಪಾಲಿಗೆ ಸೇರಿಸಲೇ? ಅವನು 20 ಲಕ್ಷ ಹಾಕಲು ತಯಾರಿದ್ದಾನೆ.

ಉತ್ತರ: ನಿಮಗೆ ಬೇಕಾಗುವುದು 50 ಅಲ್ಲ, 55 ಲಕ್ಷ. ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇ 8, ನೋಂದಣಿ ಶುಲ್ಕ ಶೇ 2. ಸಾಮಾನ್ಯವಾಗಿ ಇದನ್ನು ಕೈಯಿಂದಲೇ ಹಾಕಬೇಕು. ಹಾಗಾಗಿ ನಿಮ್ಮ ಕೊರತೆ 33 ಲಕ್ಷ.

ಅಷ್ಟನ್ನೂ ಸಾಲ ಮಾಡಿದಿರಿ ಅಂತ ಇಟ್ಟುಕೊಳ್ಳೋಣ. ಬಡ್ಡಿ ಶೇ 9.5, ಅವಧಿ 15 ವರ್ಷ ಆದರೆ ಕಂತು ಸುಮಾರು 34,500 ರೂಪಾಯಿ. ನಾಲ್ಕೂ ರೂಮು ತುಂಬಿದ್ದರೂ ತಿಂಗಳಿಗೆ ಹತ್ತು ಸಾವಿರಕ್ಕಿಂತ ಜಾಸ್ತಿ ತೋಟದ ದುಡ್ಡಿನಿಂದ ಹೋಗುತ್ತದೆ. ಅಡಿಕೆಯ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ ಅಲ್ವಾ? ಕೊಳೆರೋಗ ಬಡಿದ ವರ್ಷ ಮನೆಯ ಬಂಗಾರ ಅಡವಿಟ್ಟು ಕಂತು ಕಟ್ಟುವ ಗತಿ ನಿಮಗೆ ಬರಬಾರದು.

ಇನ್ನೊಂದು ಲೆಕ್ಕ ನೋಡಿ. ವರ್ಷದ ಬಾಡಿಗೆ 2.88 ಲಕ್ಷ. 55 ಲಕ್ಷಕ್ಕೆ ಇದು ಶೇ 5.2 ಮಾತ್ರ. ಶೇ 5.2 ದುಡಿಯುವ ಕಟ್ಟಡಕ್ಕೆ ಶೇ 9.5ರ ಹಣ ತಂದರೆ, ಸಾಲ ಹೆಚ್ಚಿದಷ್ಟೂ ಕೈಯಿಂದ ಹೋಗುವುದೂ ಹೆಚ್ಚುತ್ತದೆ. ಜಾಗದ ಬೆಲೆ ಏರಿದರೆ ಮಾತ್ರ ಅದು ತುಂಬುತ್ತದೆ. ಏರಬಹುದು. ಆದರೆ ಅದೊಂದನ್ನೇ ನಂಬಬೇಡಿ. ಕಟ್ಟಡ ಹೆದ್ದಾರಿ ಬದಿಯದ್ದಾದರೆ, ಷಟ್ಪಥದ ಸರ್ವಿಸ್ ರಸ್ತೆಯಿಂದ ಗಿರಾಕಿ ಸುಲಭವಾಗಿ ಬರುತ್ತಾರಾ ಅಂತ ಒಂದು ಸಂಜೆ ಅಲ್ಲೇ ನಿಂತು ನೋಡಿ.

ನನ್ನ ಸಲಹೆ: ಭಾವಮೈದುನನನ್ನು ಸೇರಿಸಿಕೊಳ್ಳಿ, ಸಾಲ 13 ಲಕ್ಷಕ್ಕೆ ಇಳಿಸಿ. ಪಾಲುದಾರನ ಹಣಕ್ಕೆ ಕಂತಿಲ್ಲ. ರೂಮು ಖಾಲಿ ಬಿದ್ದರೆ ಅವರ ಬಾಡಿಗೆಯೂ ತಪ್ಪುತ್ತದೆ. ಅದಕ್ಕೆ ಬದಲಾಗಿ, ಬೆಲೆ ಏರಿದಾಗ ಅವರಿಗೂ ಪಾಲು ಹೋಗುತ್ತದೆ. ಸಾಲ ನೀವೊಬ್ಬರೇ ತೀರಿಸುವುದಾದರೆ ನಿಮ್ಮದು 35, ಅವರದು 20. ಕ್ರಯಪತ್ರದಲ್ಲಿ 11ರಲ್ಲಿ 7 ಪಾಲು ನಿಮಗೆ, 4 ಪಾಲು ಅವರಿಗೆ ಅಂತ ಬರೆಸಿ. ಸುಮ್ನೆ ಅರ್ಧರ್ಧ ಬೇಡ. ನಿಮ್ಮ ಪಾಲಿನ ಬಾಡಿಗೆ ಸುಮಾರು 15,300, ಕಂತು ಸುಮಾರು 13,600. ಎರಡು ರೂಮು ಖಾಲಿಯಾದರೆ ಆರು ಸಾವಿರದಷ್ಟು ಕೈಯಿಂದ ಹಾಕಬೇಕಾದೀತು. ಅದನ್ನು ತೋಟ ತಡೆಯುತ್ತದೆ. ಸಾಲ ನಿಮ್ಮದೇ ಆದರೂ ಕಟ್ಟಡ ಅಡವಿಡುವಾಗ ಅವರ ಸಹಿಯೂ ಬೇಕು.

ಅವರು ಅನಿವಾಸಿ ಭಾರತೀಯರಾದ್ದರಿಂದ ಅಂಗಡಿ, ಮನೆ ಕೊಳ್ಳಬಹುದು, ಕೃಷಿ ಭೂಮಿ ಕೊಳ್ಳುವಂತಿಲ್ಲ. ವಿಲೇಜ್ ಆಫೀಸಿನ ದಾಖಲೆಯಲ್ಲಿ ಜಾಗ 'ನಿಲಂ' ಅಂತಿದೆಯೋ 'ಪುರಯಿಡಂ' ಅಂತಿದೆಯೋ ಮೊದಲು ನೋಡಿ. ಪುರಯಿಡಂ ಅಂದರೆ ಗದ್ದೆಯಲ್ಲದ ಒಣ ಜಾಗ, ನಿಲಂ ಅಂದರೆ ಗದ್ದೆ. ನಿಲಂ ಅಂತಿದ್ದರೆ ಮುಂದುವರಿಯಬೇಡಿ. ಅವರ ಹಣ ಬ್ಯಾಂಕ್ ಮೂಲಕವೇ ಬರಲಿ, ನಗದು ಬೇಡ. ಅವರ ಪಾಲಿನ ಬಾಡಿಗೆಯಲ್ಲಿ ಬಾಡಿಗೆದಾರರು ಮೂಲದಲ್ಲೇ ತೆರಿಗೆ ಮುರಿಯಬೇಕಾಗುತ್ತದೆ. ಇದನ್ನು ಲೆಕ್ಕಪರಿಶೋಧಕರ ಹತ್ತಿರ ಕೇಳಿಕೊಳ್ಳಿ.

ಸಂಬಂಧಿಕರ ನಡುವೆ ಬರಹ ಯಾಕೆ ಅಂತ ಅನ್ನಿಸಬಹುದು. ಬರಹ ಇಲ್ಲದೆ ಅಕ್ಕ-ತಮ್ಮನ ಮಾತು ನಿಂತುಹೋದದ್ದನ್ನು ನಾನು ಕಂಡಿದ್ದೇನೆ. ಒಬ್ಬರಿಗೆ ಮಾರಬೇಕು ಅನ್ನಿಸಿದರೆ ಮೊದಲು ಇನ್ನೊಬ್ಬರಿಗೇ ಕೇಳಬೇಕು, ಬೆಲೆಯನ್ನು ಹೊರಗಿನ ಮೌಲ್ಯಮಾಪಕರು ಹೇಳಬೇಕು ಅಂತ ಕರಾರು ಮಾಡಿಕೊಳ್ಳಿ. ಆ 20 ಲಕ್ಷ ಎಷ್ಟು ವರ್ಷ ಇಲ್ಲಿ ಕೂರಬಹುದು ಅಂತ ಮುಂಗಡ ಕೊಡುವ ಮೊದಲೇ ಅವರನ್ನು ಕೇಳಿ. ಎರಡೇ ವರ್ಷದಲ್ಲಿ ಊರಲ್ಲಿ ಮನೆ ಕಟ್ಟುವ ಯೋಚನೆ ಅವರಿಗಿದ್ದರೆ, ಈ ಕಟ್ಟಡ ಬಿಟ್ಟು ಸಣ್ಣದೊಂದನ್ನು ನೋಡಿ.